ಅವ್ವನ ಹವಾಯಿ ಚಪ್ಪಲಿ

ಈ ವಾರ ನಮ್ಮ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರ ಬಗ್ಗೆ ಬರೆಯೋಣ ಅಂತ ಕೂತರೆ ಅವ್ವನ ಚಪ್ಪಲಿಯೇ ಕಣ್ಣ ಮುಂದೆ ಬರುತ್ತಿದೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಆರು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮುಂದೆ ಇದೆ.

ನನ್ನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡುವ ಕೆಲಸ. ಸೋಮವಾರಪೇಟೆ ಸುತ್ತಮುತ್ತಲಿನ ಮದುವೆ ಕಾಗದ, ಶಾಲೆಗಳ ಸ್ಮರಣ ಸಂಚಿಕೆ, ಸಂಘಗಳ ವಾರ್ಷಿಕ ವರದಿ, ಹೀಗೆ. ಹಳೆಯ ಲ್ಯಾಪ್‌ಟಾಪ್ 2016ರದ್ದು. ಅದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದೋ ಅದರ ಮೇಲಿನದೋ ಆಗಿರಬೇಕು, ನನ್ನದು 6ನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಓಡಿಸುತ್ತಿದ್ದೆ. ಈ ಸಲದ ಮಳೆಗೆ ಅದೂ ಸೋತಿತು. ನಮ್ಮ ಕಡೆ ಜೂನ್ ದಾಟಿದರೆ ಗೋಡೆ ಬೆವರುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಕೀಬೋರ್ಡಿನ ಅರ್ಧ ಕೀಗಳು ಏಳಲೇ ಇಲ್ಲ. ಹಾರ್ಡ್ ಡಿಸ್ಕ್ ಕಟಕಟ ಅನ್ನತೊಡಗಿತು. ಇನ್ನು ಕಾಯುವುದು ಬೇಡ ಅಂತ ಕುಶಾಲನಗರಕ್ಕೆ ಹೋದೆ.

ಹೋಗುವ ಮೊದಲು ಒಂದು ವಾರ ಬರೀ ಅದೇ ಯೋಚನೆ. ಬೆಂಗಳೂರಿನ ಭಾವ ದಿನಾ ಫೋನು ಮಾಡಿ ಒಂದೊಂದು ಮಾಡೆಲ್ ಹೇಳುತ್ತಿದ್ದರು. ಅವರಿಗೆ ಯಾವಾಗಲೂ ಇರುವುದರಲ್ಲಿ ದೊಡ್ಡದೇ ಬೇಕು. ನನಗೆ ಬೇಕಾದದ್ದು ಇಷ್ಟೇ. 16 ಜಿಬಿ ರ‍್ಯಾಮ್, ಪುಟ ವಿನ್ಯಾಸ ಮಾಡುವಾಗ ನಿಲ್ಲಬಾರದು. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅದರೊಳಗೆ ತಿರುಗುವ ತಟ್ಟೆ ಇರುವುದಿಲ್ಲವಾದ್ದರಿಂದ ಬಸ್ಸಿನ ಕುಲುಕಾಟಕ್ಕೆ ಹೆದರಬೇಕಿಲ್ಲ. ಮತ್ತೆ ಲೋಹದ ಮೈ. ಹಳೆಯದರ ಪ್ಲಾಸ್ಟಿಕ್ ಕೀಲು ಎರಡು ಸಲ ಮುರಿದಿತ್ತು. 58 ಸಾವಿರಕ್ಕೆ ಸಿಕ್ಕಿತು.

ಆಮೇಲೆ ಜೊತೆಗಿನ ಸಾಮಾನು. ಅಂಗಡಿಯ ಹುಡುಗ ಇಪ್ಪತ್ತೆರಡು ಇಪ್ಪತ್ಮೂರರವನು. ಚುರುಕು, ಮಾತು ಮೃದು. ಕೂಲಿಂಗ್ ಪ್ಯಾಡ್ ತೋರಿಸಿದ. ನಮ್ಮೂರಿನ ಚಳಿಗೆ ಅದು ಯಾಕೆ? ಬೇಡ ಅಂದೆ. ಸ್ಕ್ರೀನ್ ಗಾರ್ಡ್ ಬೇಡ ಅಂದೆ. ವೈರ್ ಇರುವ ಮೌಸ್ ತೆಗೆದುಕೊಂಡೆ, ಕೆಲಸದ ಮಧ್ಯೆ ಸೆಲ್ ಹುಡುಕುವುದು ನನಗಾಗುವುದಿಲ್ಲ. ಹೊರಗಿನಿಂದ ಸಿಕ್ಕಿಸುವ ಕೀಬೋರ್ಡ್ ಒಂದು. ದಿನಕ್ಕೆ ಹತ್ತಾರು ಪುಟ ಕುಟ್ಟುವವರು ಇದನ್ನು ಬಿಡಬಾರದು. ಸವೆದರೆ ಅದು ಸವೆಯಲಿ, ಲ್ಯಾಪ್‌ಟಾಪಿನದು ಉಳಿಯುತ್ತದೆ. ಕನ್ನಡ ಅಕ್ಷರದ ಸ್ಟಿಕ್ಕರ್ ಬೇಕಾ ಸಾರ್ ಅಂದ. ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶದ ಕೀಲಿಮಣೆಗೆ ಅದು ಬೇಕಾಗುವುದಿಲ್ಲ. ಕೆ.ಪಿ. ರಾವ್ ಅವರು ಮಾಡಿಕೊಟ್ಟ ಜೋಡಣೆ ಎಷ್ಟು ಸಲೀಸು ಅಂದರೆ, ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒಂದು ವಾರದಲ್ಲಿ ಬೆರಳಿಗೆ ಹತ್ತುತ್ತದೆ. ಇಷ್ಟು ವರ್ಷ ಅವರ ಆ ಜೋಡಣೆಯಿಂದಲೇ ನಾನು ಅನ್ನ ತಿಂದಿದ್ದೇನೆ. ಆ ಋಣ ದೊಡ್ಡದು.

ಬ್ಯಾಕಪ್‌ಗೆ 1 ಟಿಬಿಯ ಪೋರ್ಟಬಲ್ ಡಿಸ್ಕ್. ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ತೂತುಗಳು ಕಮ್ಮಿ, ಅದಕ್ಕೊಂದು ಹಬ್. ಮಳೆ ಹೊದಿಕೆ ಇರುವ ಚೀಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹತ್ತು. ಇದನ್ನು ಕೊಡಗಿನವರು ಮರೆಯಬಾರದು. ಗಾಳಿಯಾಡದ ಡಬ್ಬಿಯಲ್ಲಿ ಡಿಸ್ಕಿನ ಜೊತೆ ಎರಡು ಪೊಟ್ಟಣ ಹಾಕಿಟ್ಟರೆ ಮಳೆಗಾಲ ಕಳೆಯುತ್ತದೆ. ಕೊನೆಗೆ ಸ್ಪೈಕ್ ಬಸ್ಟರ್. ಕರೆಂಟು ಹೋಗಿ ಬರುವಾಗ ಸಿಡಿದು ಬರುತ್ತದಲ್ಲ, ಅದಕ್ಕೆ. ಎಲ್ಲಾ ಸೇರಿ ಇನ್ನೂ 9 ಸಾವಿರ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ತುಂಬಾ ಖುಷಿಯಾಗಿತ್ತು.

ಅವತ್ತು ರಾತ್ರಿ ಜೋರು ಮಳೆ. ಮನೆಯ ಕೆಂಪು ಗಾರೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು. ಬರಿಗಾಲಲ್ಲಿ ಕೂತು, ಚಾರ್ಜರ್ ಹಾಕಿ, ಮಣಿಕಟ್ಟು ಲ್ಯಾಪ್‌ಟಾಪ್ ಮೇಲೆ ಇಟ್ಟೆ. ಜುಮ್ ಅಂತು. ಹೊಡೆತವಲ್ಲ. ಬೆರಳನ್ನು ಹಗುರವಾಗಿ ಸವರಿದರೆ ಒಳಗೆ ಏನೋ ನಡುಗಿದ ಹಾಗೆ. ಚಾರ್ಜರ್ ತೆಗೆದೆ, ನಿಂತಿತು. ಹಾಕಿದೆ, ಮತ್ತೆ ಶುರು.

ಬೆಳಿಗ್ಗೆ ಅಂಗಡಿಗೆ ಫೋನು ಮಾಡಿದೆ. ಆ ಹುಡುಗನೇ ಎತ್ತಿದ.

“ಮೆಟಲ್ ಬಾಡಿ ಅಲ್ವಾ ಸಾರ್, ಎಲ್ಲದರಲ್ಲೂ ಸ್ವಲ್ಪ ಇರುತ್ತೆ. ಚಪ್ಪಲಿ ಹಾಕ್ಕೊಂಡು ಕೆಲಸ ಮಾಡಿ ಸಾರ್, ಗೊತ್ತಾಗಲ್ಲ.”

ನನಗೆ ಸಿಟ್ಟು ಬಂತು. 58 ಸಾವಿರ ಕೊಟ್ಟು, ನನ್ನ ಮನೆಯಲ್ಲಿ ನಾನು ಚಪ್ಪಲಿ ಹಾಕಿಕೊಂಡು ಕೂರಬೇಕಾ? ಜೋರಾಗಿಯೇ ಮಾತಾಡಿದೆ. ಫೋನಿಟ್ಟು ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಹೇಳಿಕೊಂಡೆ. “ನೋಡವ್ವಾ, ಮುಟ್ಟಿದ್ರೆ ಜುಮ್ ಅಂತದೆ, ಚಪ್ಪಲಿ ಹಾಕ್ಕೊಳಿ ಅಂತಾನೆ ಅವನು.”

ಅವ್ವ ಕಾವಲಿಯ ಮೇಲಿನ ರೊಟ್ಟಿ ಮಗುಚುತ್ತಿದ್ದಳು. ತಿರುಗಿ ನೋಡಲಿಲ್ಲ.

“ಫ್ರಿಜ್ಜೂ ಹಂಗೇ ಮಾಡ್ತದಲ್ಲ. ಅದಕ್ಕೇ ನಾನು ಚಪ್ಪಲಿ ಹಾಕದು.”

ಅಷ್ಟೇ ಹೇಳಿದ್ದು. ದೂರುವ ಧ್ವನಿ ಇರಲಿಲ್ಲ. ಹೊರಗೆ ಮಳೆ ಬರ್ತಿದೆ ಅಂತ ಹೇಳುವ ಹಾಗೆ ಹೇಳಿದಳು.

ಆ ಚಪ್ಪಲಿಯನ್ನು ನಾನು ದಿನಾ ನೋಡಿದ್ದೇನೆ. ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಹಾಕುವುದಿಲ್ಲ. ಅಡುಗೆಮನೆಗಂತೂ ಇಲ್ಲವೇ ಇಲ್ಲ. ಅವ್ವ ಮಾತ್ರ ಫ್ರಿಜ್ಜಿನ ಹತ್ತಿರ ಹೋಗಿ, ಚಪ್ಪಲಿಗೆ ಕಾಲು ತೂರಿಸಿ, ಬಾಗಿಲು ತೆಗೆದು, ಮೊಸರು ತೆಗೆದುಕೊಂಡು, ಚಪ್ಪಲಿ ಅಲ್ಲೇ ಬಿಟ್ಟು ಬರುತ್ತಿದ್ದಳು. ಬಂದ ನೆಂಟರು ಏನಾದರೂ ಅಂದುಕೊಂಡಾರು ಅಂತ ನಾನು ಒಂದೆರಡು ಸಲ ಗದರಿದ್ದೂ ಉಂಟು. ನೆಲ ತಣ್ಣಗಿರುತ್ತೆ, ವಯಸ್ಸಾಯ್ತು, ಅದಕ್ಕೆ ಇರಬೇಕು ಅಂತ ನಾನೇ ಒಂದು ಕಾರಣ ಕಟ್ಟಿಕೊಂಡಿದ್ದೆ.

ಆದರೆ ಅವಳು ಹೇಳಿದ್ದಳು. ಈಗ ಚೆನ್ನಾಗಿ ನೆನಪಾಗುತ್ತಿದೆ. ಮೊದಮೊದಲು “ಕೈ ಜುಮ್ ಅಂತದೆ ಕಣಪ್ಪ” ಅಂತ ಎರಡು ಮೂರು ಸಲ ಹೇಳಿದಳು. ನಾನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರ ಹತ್ತಿರ ಮಾತಾಡಿದ್ದೆಲ್ಲ ನಾನೇ. ಕೈ ಜುಮ್ಮೆನ್ನುತ್ತೆ, ಅರವತ್ತು ದಾಟಿದೆ, ಶುಗರ್ ಇದೆ. ಫ್ರಿಜ್ಜಿನ ಸುದ್ದಿಯೇ ಬರಲಿಲ್ಲ. ನರಕ್ಕೆ ಒಳ್ಳೆಯದು ಅಂತ ಬಿ12 ಮಾತ್ರೆ ಬರೆದುಕೊಟ್ಟರು. ಅವ್ವ ಮೂರು ತಿಂಗಳು ಮಾತ್ರೆ ನುಂಗಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಸಂತೆಯಿಂದ ಒಂದು ಜೊತೆ ಹವಾಯಿ ಚಪ್ಪಲಿ ತಂದುಕೊಂಡಳು.

ಮಧ್ಯಾಹ್ನವೇ ಕರೆಂಟಿನ ಕೆಲಸ ಮಾಡುವ ಅಣ್ಣನನ್ನು ಕರೆದೆ. ಅವರಿಗೆ ಐವತ್ತೈದು ಇರಬಹುದು. ಮಳೆಯಲ್ಲಿ ಜೀಪು ಹತ್ತದ ಜಾಗಕ್ಕೂ ನಡೆದು ಹೋಗಿ ಮೋಟರ್ ಕಟ್ಟಿ ಬರುವವರು. ಮಾತು ಕಮ್ಮಿ. ಇಂಥವರ ಒಂದು ಮಾತಿಗೆ ಹತ್ತು ವಿಡಿಯೋ ನೋಡಿದಷ್ಟು ತೂಕ ಇರುತ್ತದೆ. ಲ್ಯಾಪ್‌ಟಾಪ್ ಮುಟ್ಟಿ ನೋಡಿದರು. ಮೀಟರಿನ ಕಡ್ಡಿಗಳನ್ನು ಪ್ಲಗ್ಗಿನ ತೂತಿಗೆ ಹಾಕಿದರು. ಕರೆಂಟು ಬರುವ ಫೇಸಿಗೂ ವಾಪಸು ಹೋಗುವ ನ್ಯೂಟ್ರಲ್‌ಗೂ ನಡುವೆ 226 ವೋಲ್ಟ್ ತೋರಿಸಿತು. ಫೇಸಿಗೂ ನೆಲಕ್ಕೆ ಇಳಿಯಬೇಕಾದ ಅರ್ಥ್ ವಯರಿಗೂ ನಡುವೆ ಹೆಚ್ಚುಕಮ್ಮಿ ಅಷ್ಟೇ ತೋರಿಸಬೇಕಿತ್ತು. ತೋರಿಸಿದ್ದು 104.

“ಅರ್ಥಿಂಗ್ ಇಲ್ಲ” ಅಂದರು.

“ಮೂರು ಪಿನ್ನಿನ ಪ್ಲಗ್ಗೇ ಇದೆಯಲ್ಲಣ್ಣಾ?”

“ಪ್ಲಗ್ಗಿಂದ ಪ್ಲಗ್ಗಿಗೆ ವಯರ್ ಹೋಗಿದೆ. ನೆಲಕ್ಕೆ ಹೋಗಿಲ್ಲ.”

ಆಮೇಲೆ ಬಿಡಿಸಿ ಹೇಳಿದರು. ಲ್ಯಾಪ್‌ಟಾಪಿನ ಅಡಾಪ್ಟರಿನಿಂದ ಒಂಚೂರು ಕರೆಂಟು ಯಾವಾಗಲೂ ಸೋರುತ್ತದೆ. ಒಳಗೆ ಕರೆಂಟಿನ ಗದ್ದಲ ತಡೆಯಲು ಇಟ್ಟ ಕೆಪಾಸಿಟರ್ ಮೂಲಕ ಬರುವ ಅದು ಒಂದು ಮಿಲಿಆಂಪ್‌ಗಿಂತಲೂ ಕಮ್ಮಿ. ಅರ್ಥ್ ಇದ್ದರೆ ಸುಮ್ನೆ ನೆಲಕ್ಕೆ ಇಳಿದು ಹೋಗುತ್ತದೆ, ಇಲ್ಲದಿದ್ದರೆ ಲೋಹದ ಮೈಯಲ್ಲಿ ನಿಲ್ಲುತ್ತದೆ. ಅಂಗಡಿ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವನ ಮೇಲೆ ರೇಗಿದ್ದು ನನ್ನ ತಪ್ಪು. ಆದರೆ ಅವನೂ ಮನೆಯಲ್ಲಿ ಅರ್ಥಿಂಗ್ ಇದೆಯಾ ಅಂತ ಒಂದು ಮಾತು ಕೇಳಬಹುದಿತ್ತು. ಮೂರು ಪಿನ್ನಿನಲ್ಲಿ ಮೇಲಿನದು ಉದ್ದ, ದಪ್ಪ. ಪ್ಲಗ್ ಚುಚ್ಚುವಾಗ ಕರೆಂಟಿಗಿಂತ ಮೊದಲು ಅರ್ಥ್ ತಾಗಲಿ ಅಂತಲೇ ಹಾಗೆ ಮಾಡಿದ್ದಾರೆ. ಅಷ್ಟು ಯೋಚನೆ ಮಾಡಿ ಇಟ್ಟ ಪಿನ್ನು ನಮ್ಮ ಮನೆಯಲ್ಲಿ ಆರು ವರ್ಷ ಯಾವ ಕೆಲಸಕ್ಕೂ ಬರಲಿಲ್ಲ. ಸ್ಪೈಕ್ ಬಸ್ಟರ್ ಕೂಡ ಅರ್ಥ್ ಇಲ್ಲದೆ ಪೂರ್ತಿ ಕೆಲಸ ಮಾಡುವುದಿಲ್ಲವಂತೆ.

ಆಮೇಲೆ ಅವರು ಫ್ರಿಜ್ಜಿನ ಪ್ಲಗ್ ಕಿತ್ತರು. “ಈಗ ಲ್ಯಾಪ್‌ಟಾಪ್ ಮುಟ್ಟಿ” ಅಂದರು. ಜುಮ್ ಅನ್ನುವುದು ಅರ್ಧಕ್ಕಿಂತ ಕಮ್ಮಿಯಾಗಿತ್ತು.

ಅದು ನನಗೆ ತಡೆದುಕೊಳ್ಳಲು ಆಗಲಿಲ್ಲ. ಫ್ರಿಜ್ಜಿನ ಒಳಗೆ ಎಲ್ಲೋ ವಯರಿನ ಹೊದಿಕೆ ಸವೆದು ಕರೆಂಟು ಸೋರುತ್ತಿದೆ. ನೆಲ ಸಿಗದೆ ಪ್ಲಗ್ಗಿಂದ ಪ್ಲಗ್ಗಿಗೆ ಹೋದ ಅದೇ ಹಸಿರು ಅರ್ಥ್ ವಯರಿನಲ್ಲಿ ಮನೆಯೆಲ್ಲಾ ಓಡಾಡುತ್ತಿದೆ. ನನ್ನ ಮಣಿಕಟ್ಟಿಗೆ ತಾಗಿದ್ದರಲ್ಲಿ ಹೆಚ್ಚು ಪಾಲು ಅವ್ವನ ಫ್ರಿಜ್ಜಿನದೇ. ಅವ್ವ ಆರು ವರ್ಷ ಸುಮ್ಮನೆ ಸಹಿಸಿದ್ದು ಗೋಡೆಯೊಳಗಿನಿಂದ ಹರಿದು ಬಂದು ನನ್ನ ಕೈ ಮುಟ್ಟಿತ್ತು.

“ಗೀಸರ್ ಇದೇ ಲೈನಾ?” ಅಂತ ಕೇಳಿದರು ಅಣ್ಣ.

ಹೌದು ಅಂದೆ. ಅವರು ಏನೂ ಹೇಳಲಿಲ್ಲ. ಬಾತ್‌ರೂಮಿನ ಕಡೆ ಒಂದು ಸಲ ನೋಡಿದರು. ಆ ನೋಟ ಈ ವಾರವೆಲ್ಲಾ ನನ್ನನ್ನು ಬಿಟ್ಟಿಲ್ಲ.

ಆ ಬಾತ್‌ರೂಮ್ ಕಟ್ಟಿಸಿದ್ದು ನಾನೇ. 2020ರಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ. ಅವ್ವ ಸೌದೆ ಒಲೆಯ ಹೊಗೆ ಕುಡಿಯುವುದು ಸಾಕು ಅಂತ ಹಂಡೆ ತೆಗೆಸಿ, ಗೀಸರ್ ಹಾಕಿಸಿ, ಬಚ್ಚಲಿನ ಹಿಂದಿನ ಜಾಗಕ್ಕೂ ಸಿಮೆಂಟು ಹಾಕಿಸಿದೆ. ಅಪ್ಪ ಮನೆ ಕಟ್ಟಿದಾಗ ಅರ್ಥ್ ಪೈಪು ಹೂಳಿದ್ದು ಅಲ್ಲೇ. ಗಾರೆಯವರು ಆ ತಂತಿ ಯಾವುದು ಅಂತ ಕೇಳಿದ್ದರಾ? ಕೇಳಿದ್ದರೂ ನಾನು ಫೋನಿನಲ್ಲಿದ್ದಿರಬೇಕು. ಸಿಮೆಂಟು ಒಡೆದಾಗ ತುಂಡಾದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ತುಕ್ಕು ಹಿಡಿದು ಕೂದಲಿನಷ್ಟು ತೆಳುವಾಗಿ ಸಿಕ್ಕಿತು.

ಎರಡು ದಿನ ಮಳೆ ನಿಂತಾಗಲೆಲ್ಲ ಗುಂಡಿ ತೋಡಿದೆವು. ಎಂಟಡಿಯ ಹೊಸ ಪೈಪು, ಸುತ್ತ ಇದ್ದಿಲು, ಉಪ್ಪು, ಮತ್ತೆ ಇದ್ದಿಲು. ಇದ್ದಿಲು ನೀರು ಹಿಡಿದಿಡುತ್ತದೆ, ಉಪ್ಪು ನೀರಿನಲ್ಲಿ ಕರಗಿ ಕರೆಂಟಿಗೆ ದಾರಿ ಮಾಡುತ್ತದೆ. ನಮ್ಮ ಮಳೆಗೆ ಉಪ್ಪು ಬೇಗ ತೊಳೆದು ಹೋಗುತ್ತದೆ, ವರ್ಷಕ್ಕೊಮ್ಮೆ ನೋಡಬೇಕು ಅಂದರು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆ. ಎಲ್ಲಿಯಾದರೂ ಅಷ್ಟು ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಲೈನು ಕತ್ತರಿಸುತ್ತದೆ. ಫ್ರಿಜ್ಜು ರಿಪೇರಿಗೆ ಹೋಗಿ ಬಂತು. ಎಲ್ಲಾ ಸೇರಿ 8,400 ರೂಪಾಯಿ. ಲ್ಯಾಪ್‌ಟಾಪಿಗೆ ತಂದ ಮೌಸು, ಚೀಲ, ಹಬ್ಬು ಇವುಗಳಿಗಿಂತ ಕಮ್ಮಿ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದ ಮೇಲೆ ನಮ್ಮ ಕಡೆಯವರೆಲ್ಲ ಜೂನ್ ಬಂದರೆ ಬೆಟ್ಟ ನೋಡುತ್ತೇವೆ. ಬಿರುಕು ಬಿಟ್ಟಿದೆಯಾ, ನೀರು ಕೆಂಪಗಾಗಿದೆಯಾ ಅಂತ. ನೋಡಲೇಬೇಕು. ಆದರೆ ಮನೆಯೊಳಗೆ ಯಾರು ಏನು ಮುಟ್ಟುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಅಂತ ನೋಡಿದ್ದೇವಾ? ಕೋಣೆಗೊಂದು ಬಲ್ಬು ಇದ್ದ ಕಾಲದ ವೈರಿಂಗ್ ಎಷ್ಟು ಮನೆಗಳಲ್ಲಿದೆ. ಅದಕ್ಕೇ ಗ್ರೈಂಡರ್, ವಾಷಿಂಗ್ ಮಷಿನ್, ಗೀಸರ್ ಎಲ್ಲಾ ಸಿಕ್ಕಿಸಿದ್ದೇವೆ. ಅದನ್ನು ಮುಟ್ಟುವ ಕೈ ಹೆಚ್ಚಾಗಿ ಅವ್ವಂದಿರದು, ಒದ್ದೆ ಕೈ. ಅವರು ಏನಾದರೂ ಒಂದು ಉಪಾಯ ಮಾಡಿಕೊಂಡು ಸುಮ್ಮನಾಗಿರುತ್ತಾರೆ. ಚಪ್ಪಲಿಯೋ, ಕಾಲಡಿ ಗೋಣಿಚೀಲವೋ, ಸೆರಗು ಸುತ್ತಿ ಹಿಡಿಯುವುದೋ. ನನ್ನ ಕೈಗೆ ಒಂದು ರಾತ್ರಿ ಜುಮ್ ಅಂದಿದ್ದಕ್ಕೆ ಬೆಳಿಗ್ಗೆಯೇ ಫೋನು, ಮಧ್ಯಾಹ್ನವೇ ಮೀಟರು. ಅವಳ ಕೈಗೆ ಮಾತ್ರೆ. ಇದನ್ನು ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ.

ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲೇ ಕೂತಿದ್ದೆ. ಅವ್ವ ಫ್ರಿಜ್ಜಿನ ಹತ್ತಿರ ಬಂದಳು. ಚಪ್ಪಲಿ ನೋಡಿದಳು, ಹಾಕಲಿಲ್ಲ. ಬೆರಳ ಹಿಂಭಾಗದಿಂದ ಹಿಡಿಕೆಯನ್ನು ಒಂದು ಸಲ ತಟ್ಟಿದಳು. ಆಮೇಲೆ ಅಂಗೈ ಪೂರ್ತಿ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

“ಇನ್ನೇನಾದ್ರೂ ಇದ್ಯಾ ಅವ್ವಾ? ಹಿಂಗೇ ಹೇಳದೆ ಇರದು?” ಅಂದೆ.

“ಏನೂ ಇಲ್ಲ” ಅಂದಳು. ಹಾಲಿನ ಪಾತ್ರೆ ತೆಗೆದಳು. ಒಲೆ ಹಚ್ಚಿದಳು. ಹಾಲು ಬಿಸಿಯಾಗುವ ಹೊತ್ತಿಗೆ ಮತ್ತೆ ಹೇಳಿದಳು.

“ಹಿತ್ತಲ ಬಾಗಿಲ ಮೇಲಿನ ಚಿಲಕ ಈಗೀಗ ಎಟುಕಲ್ಲ ನಂಗೆ. ಸ್ಟೂಲ್ ಹಾಕ್ಕೊಂಡು ಹಾಕ್ತೀನಿ.”

ನಾನು ಸ್ಕ್ರೂಡ್ರೈವರ್ ಹುಡುಕಿ ತಂದೆ. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಕೈ ಎತ್ತು ಅಂದೆ. ಅವಳ ಬೆರಳು ಮುಟ್ಟಿದಲ್ಲಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಹಳೆಯ ಚಿಲಕಕ್ಕಿಂತ ಒಂದು ಗೇಣು ಕೆಳಗಿತ್ತು.