ಸತ್ತ ಮೀನು ಕೆರೆಗೆ ಬೇಡ

ಅಕ್ವೇರಿಯಂ ಮೀನು ಸತ್ತರೆ ಹುಬ್ಬಳ್ಳಿಯ ಉಣಕಲ್ ಕೆರೆಗೂ ಬೇಡ, ಧಾರವಾಡದ ಕೆಲಗೇರಿ ಕೆರೆಗೂ ಬೇಡ, ಶೌಚಾಲಯದ ಕಮೋಡ್‌ಗೂ ಬೇಡ. ಅದರ ಮೈಯಲ್ಲಿನ ರೋಗಾಣು ಕೆರೆಯ ಮೀನಿಗೆ ಹತ್ತಬಹುದು. ಮೊದಲು ಕಿವಿರು ಆಡುತ್ತಿದೆಯೇ ನೋಡಿ. ಸತ್ತದ್ದು ಖಾತ್ರಿಯಾದರೆ ಕೂಡಲೇ ತೆಗೆಯಿರಿ. ಕೊಳೆತರೆ ನೀರಿನಲ್ಲಿ ಅಮೋನಿಯಾ ಎಂಬ ವಿಷ ಏರಿ ಉಳಿದವೂ ಸಾಯಬಹುದು. ಕಾಲು ಭಾಗ ನೀರು ಬದಲಿಸಿ.

ಕಾಗದದಲ್ಲಿ ಸುತ್ತಿ ಒಂದಡಿ ತಗ್ಗು ತೆಗೆದು ಹೂಳಿ, ಮೇಲೆ ಕಲ್ಲು ಇಡಿ, ಇಲ್ಲದಿದ್ದರೆ ನಾಯಿ ಕೆದರುತ್ತವೆ. ಹುಬ್ಬಳ್ಳಿ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ವಾಸನೆ ಬಿಡುತ್ತದೆ, ಅಲ್ಲಿ ಒಂದೂವರೆ ಅಡಿಯೇ ಇರಲಿ. ಬೆರಳುದ್ದದ ಆ ಜೀವ ಇಷ್ಟು ದಿನ ಮನೆಮಂದಿಯ ಕಣ್ಣು ತಣಿಸಿತ್ತು. ಅದಕ್ಕೆ ಇಷ್ಟು ಮಣ್ಣಾದರೂ ಸಲ್ಲಬೇಕು. ಔಷಧಿ ಹಾಕಿದ್ದ ಮೀನಾದರೆ ಕಾಯಿಪಲ್ಲೆ ಮಡಿಯಿಂದ ದೂರ.

ಹಿತ್ತಲಿಲ್ಲದವರು ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟು, ಕಸದ ಗಾಡಿ ಬಂದಾಗ ಚೀಲ ಬಿಚ್ಚಿ ಹಸಿ ಕಸಕ್ಕೆ ಹಾಕಿ. ಮೀನು ತೆಗೆದ ಬಲೆ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ.