ಆಟಿಯ ಮಳೆಯಲ್ಲಿ ಹರ್ಬೇರಿಯಂ

ಬಿಎಸ್ಸಿ ಬಾಟನಿ ಓದುವವರಿಗೆ ಹರ್ಬೇರಿಯಂಗಾಗಿ, ಅಂದರೆ ಹಾಳೆಗೆ ಅಂಟಿಸಿಡುವ ಒಣಗಿಡಗಳ ಸಂಗ್ರಹಕ್ಕಾಗಿ, ಗಿಡ ಒಣಗಿಸುವ ಕ್ರಮವನ್ನು ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಪೇಪರಿನ ನಡುವೆ ಇಟ್ಟು ಭಾರ ಹೇರಿ, ವಾರ ಬಿಟ್ಟು ತೆಗೆಯಿರಿ. ಬಳ್ಳಾರಿಯ ಬಿಸಿಲಿಗೆ ಅದು ಸಾಕು. ಮಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಹಾಗೆ ಮಾಡಿದರೆ ಪ್ರೆಸ್ (ಗಿಡ ಒತ್ತಿಡುವ ಹಲಗೆಜೋಡಿ) ಬಿಚ್ಚಿದಾಗ ಕಾಣುವುದು ಕಪ್ಪು ಎಲೆ, ಬಿಳಿ ಬೂಷ್ಟು, ಉದುರಿ ಬಿದ್ದ ಹೂ. ಹಾಗಂತ ಜನವರಿಯವರೆಗೆ ಕಾಯುವಂತೆಯೂ ಇಲ್ಲ. ಕೊಣಾಜೆ, ಮುಡಿಪು, ಮಣಿಪಾಲದ ಮುರಕಲ್ಲ ಪಾದೆಗಳ (ಬಯಲುಬಂಡೆಗಳ) ಮೇಲೆ ಯುಟ್ರಿಕ್ಯುಲೇರಿಯಾ, ಎರಿಯೋಕೌಲಾನ್, ಡ್ರೋಸೆರಾ ಎಂಬ ಪುಟ್ಟ ಗಿಡಗಳ ಕಾಲ ಆಟಿ, ಸೋಣ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತುಳು ತಿಂಗಳುಗಳು) ಮತ್ತು ಅದರ ಬೆನ್ನಿಗೆ ಬರುವ ಕೆಲವು ವಾರ, ಅಷ್ಟೆ. ದೀಪಾವಳಿ ಕಳೆದು ಹೋದರೆ ಅಲ್ಲಿ ಬರೀ ಒಣ ಹುಲ್ಲು. ಆದ್ದರಿಂದ ಮಳೆಯಲ್ಲೇ ಒಣಗಿಸಲು ಕಲಿಯಬೇಕು.

ಮೊದಲು, ಎಲೆ ಯಾಕೆ ಕಪ್ಪಾಗುತ್ತದೆ ಎಂಬುದು. ಕಿತ್ತ ಗಿಡ ಕೂಡಲೇ ಸಾಯುವುದಿಲ್ಲ. ಪ್ರೆಸ್ಸಿನೊಳಗೆ ನೀರು ನಿಧಾನವಾಗಿ ಹೋದಷ್ಟೂ ಜೀವಕೋಶಗಳು ನಿಧಾನವಾಗಿ ಸಾಯುತ್ತವೆ, ಅವುಗಳ ಒಳಪೊರೆಗಳು ಒಡೆಯುತ್ತವೆ. ಆಗ ಬೇರೆ ಬೇರೆ ಕಡೆ ಇದ್ದ ಫಿನಾಲ್‌ಗಳೂ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಒಂದಕ್ಕೊಂದು ತಾಗಿ ಎಲೆ ಕಂದುಗಟ್ಟುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇದರಿಂದಲೇ. ಒತ್ತಡ ಹೆಚ್ಚು ಮಾಡಿದರೆ ಇದು ನಿಲ್ಲದು. ಒತ್ತಡದ ಕೆಲಸ ಎಲೆ ಮುದುಡದಂತೆ ನೋಡಿಕೊಳ್ಳುವುದು ಮಾತ್ರ. ಬಣ್ಣ ಉಳಿಯುವುದು ನೀರು ಬೇಗ ಹೊರಗೆ ಹೋದರೆ.

ಪ್ರೆಸ್ಸಿಗೆ ಸುಮಾರು 45 × 30 ಸೆಂ.ಮೀ. ಅಳತೆಯ ಎರಡು ಪ್ಲೈವುಡ್ ಹಲಗೆ, ಬಿಗಿಯಲು ಎರಡು ಬೆಲ್ಟ್ ಸಾಕು. ಹಲಗೆಗೆ ಅಲ್ಲಲ್ಲಿ ತೂತು ಕೊರೆದರೆ ಒಳ್ಳೆಯದು. ಪೇಪರ್ ಸಾಮಾನ್ಯ ನ್ಯೂಸ್‌ಪ್ರಿಂಟ್ ಆಗಿರಲಿ, ನುಣುಪಾದ ಜಾಹೀರಾತು ಹಾಳೆ ನೀರು ಹೀರುವುದಿಲ್ಲ. ಹೆಚ್ಚಿನವರು ಬಿಟ್ಟುಬಿಡುವ ವಸ್ತು ರಟ್ಟು. ಅಂಗಡಿಯ ಕಾರ್ಟನ್ ಪೆಟ್ಟಿಗೆಯನ್ನು ಹಲಗೆಯ ಅಳತೆಗೆ ಕತ್ತರಿಸಿ, ಪ್ರತಿ ಎರಡು ಗಿಡಕ್ಕೊಂದರಂತೆ ನಡುವೆ ಇಡಿ. ಕತ್ತರಿಸುವಾಗ ರಟ್ಟಿನೊಳಗಿನ ಕೊಳವೆಗಳು ಅಗಲದ ದಿಕ್ಕಿಗೆ, ಅಂದರೆ 30 ಸೆಂ.ಮೀ. ಬದಿಗೆ ಹೋಗುವಂತಿರಬೇಕು. ಗಾಳಿ ಹಾಯುವ ದಾರಿ ಚಿಕ್ಕದಾದಷ್ಟೂ ತೇವ ಬೇಗ ಹೊರಬೀಳುತ್ತದೆ. ಬೆಲ್ಟನ್ನು ರಟ್ಟು ಚಪ್ಪಟೆಯಾಗುವಷ್ಟು ಎಳೆದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಮಳೆ ಬಿಟ್ಟ ಹೊತ್ತಿನಲ್ಲಿ ಕಿತ್ತರೂ ಎಲೆಯ ಮೇಲಿನ ನೀರನ್ನು ಹಳೆ ಬೈರಾಸಿನಿಂದ ಒತ್ತಿ ತೆಗೆದೇ ಪ್ರೆಸ್ಸಿಗೆ ಹಾಕಿ. ಹೂ ಅಥವಾ ಕಾಯಿ ಇಲ್ಲದ ಗಿಡ ಬೇಡ, ಗುರುತಿಸಲು ಸಾಧ್ಯವಾಗುವುದಿಲ್ಲ. ಚಿಕ್ಕ ಗಿಡವಾದರೆ ಬೇರು ಸಮೇತ, ಮರವಾದರೆ ಸುಮಾರು 30 ಸೆಂ.ಮೀ. ಕೊಂಬೆ. ಒಂದೆರಡು ಎಲೆ ಮಗುಚಿ ಇಡಿ, ಅಡಿಭಾಗದ ರೋಮ, ನರಗಳು ಕಾಣಬೇಕು. ಒಂದು ಹೂವನ್ನು ಸೀಳಿ ಹರಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಎರಡು ದಿನ. ಬೆಳಿಗ್ಗೆ ಹಾಕಿದ ಗಿಡದ ಪೇಪರನ್ನು ಆ ಸಂಜೆಯೇ ಬದಲಿಸಿ. ಆಗ ಎಲೆ ಬಾಡಿ ಮೆತ್ತಗಾಗಿರುತ್ತದೆ, ಮಡಚಿದ್ದನ್ನು ಬಿಡಿಸಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಎರಡನೇ ದಿನ ಎರಡು ಸಲ, ಮೂರರಿಂದ ಐದನೇ ದಿನದವರೆಗೆ ದಿನಕ್ಕೊಂದು ಸಲ. ತೆಗೆದ ಪೇಪರನ್ನು ಒಣಗಿಸದೆ ಮತ್ತೆ ಬಳಸಿದರೆ ಬದಲಿಸಿದ್ದೇ ದಂಡ. ಮಳೆಗಾಲದಲ್ಲಿ ಮೂಲೆಯಲ್ಲಿ ಪೇರಿಸಿಟ್ಟ ಪೇಪರೂ ತೇವ ಹಿಡಿದಿರುತ್ತದೆ. ಇಸ್ತ್ರಿಪೆಟ್ಟಿಗೆ ಒಮ್ಮೆ ಆಡಿಸಿದರೆ ಸರಿಯಾಗುತ್ತದೆ.

ಬಿಸಿ ಬೇಕೇ ಬೇಕು, ಆದರೆ 40–45 ಡಿಗ್ರಿ ಸೆಲ್ಸಿಯಸ್ ಸಾಕು. ಅದಕ್ಕಿಂತ ತುಂಬ ಮೇಲೆ ಹೋದರೆ ಎಲೆ ಪುಡಿಯಾಗುತ್ತದೆ. ಹಾಸ್ಟೆಲ್‌ನಲ್ಲಿ ಇರುವವರು ಹಳೆಯ ತಂತಿಬಲ್ಬು, 60 ಅಥವಾ 100 ವಾಟ್‌ನದ್ದು, ಕೆಳಗೆ ಇಟ್ಟು, ಪ್ರೆಸ್ಸನ್ನು ಅದರಿಂದ 30 ಸೆಂ.ಮೀ. ಮೇಲೆ ರಟ್ಟಿನ ಕೊಳವೆಗಳು ನೆಟ್ಟಗೆ ನಿಲ್ಲುವಂತೆ ಅಂಚಿನ ಮೇಲೆ ನಿಲ್ಲಿಸಿ. ಎಲ್‌ಇಡಿ ಬಲ್ಬಿಗೆ ಆ ಶಾಖವಿಲ್ಲ. ಯಾರೂ ಇಲ್ಲದಾಗ ಬಲ್ಬು ಉರಿಸಿಟ್ಟು ಹೋಗಬೇಡಿ, ಪೇಪರಿಗೆ ಬೆಂಕಿ ಹಿಡಿಯಲು ಹೆಚ್ಚು ಹೊತ್ತು ಬೇಡ. ಊರಮನೆಯಿಂದ ಬರುವವರಿಗೆ ಬಚ್ಚಲೊಲೆಯ ಮೇಲಿನ ಅಟ್ಟವೇ ಒಳ್ಳೆಯ ಡ್ರೈಯರ್. ಹೀಗೆ ಮಾಡಿದರೆ ತೆಳು ಎಲೆಯ ಗಿಡ ಮೂರು ದಿನದೊಳಗೆ ಒಣಗುತ್ತದೆ. ಒಣಗಿತೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಇನ್ನೂ ನೀರು ಆರುತ್ತಿದೆ ಎಂದರ್ಥ.

ಕೆಲವು ಗಿಡಗಳಿಗೆ ಬೇರೆಯೇ ಉಪಾಯ ಬೇಕು. ಮರದ ಮೇಲಿನ ಆರ್ಕಿಡ್‌ನ ದಪ್ಪ ಕಾಂಡ ಪ್ರೆಸ್ಸಿನೊಳಗೂ ವಾರಗಟ್ಟಲೆ ಜೀವಂತವಾಗಿರುತ್ತದೆ. ಹೂ ಬಿಟ್ಟು ಉಳಿದ ಭಾಗವನ್ನು ಕೆಲವು ಸೆಕೆಂಡು ಕುದಿಯುವ ನೀರಿನಲ್ಲಿ ಅದ್ದಿದರೆ ಕೋಶಗಳು ಸತ್ತು, ಎಲೆ ಉದುರುವುದು ನಿಲ್ಲುತ್ತದೆ. ಸುವರ್ಣಗೆಡ್ಡೆ ಮೊದಲ ಮಳೆಗೆ ಹೂ ಬಿಟ್ಟು ಆಮೇಲೆ ಎಲೆ ಬಿಡುತ್ತದೆ. ಜಾಗ ಗುರುತು ಮಾಡಿಟ್ಟು ಎರಡು ಸಲ ಹೋಗಿ, ಗೆಡ್ಡೆಯ ತೆಳು ಬಿಲ್ಲೆಯನ್ನೂ ಒಣಗಿಸಿ. ಯುಟ್ರಿಕ್ಯುಲೇರಿಯಾ ಕೈಯಲ್ಲಿ ಹಿಡಿದರೆ ಮುದ್ದೆಯಾಗುತ್ತದೆ. ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು, ಅಡಿಯಿಂದ ದಪ್ಪ ಹಾಳೆ ತೂರಿಸಿ ಹಾಗೇ ಮೇಲೆತ್ತಿ, ಮೇಲೆ ಬಟರ್ ಪೇಪರ್ ಹಾಕಿ. ಇಲ್ಲದಿದ್ದರೆ ದಳಗಳು ನ್ಯೂಸ್‌ಪೇಪರಿಗೆ ಅಂಟಿ ಹರಿಯುತ್ತವೆ. ಎರಿಯೋಕೌಲಾನ್ ಪ್ರಭೇದಗಳನ್ನು ಬೇರ್ಪಡಿಸಲು ಬೀಜದ ಮೇಲ್ಮೈ ನೋಡಬೇಕಾಗುತ್ತದೆ, ಬಲಿತ ಗುಂಡುಹೂಗಳೂ ಇರುವ ಗಿಡವನ್ನೇ ಆರಿಸಿ. ಒಂದು ಜಾಗದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಗಿಡ ಕಂಡರೆ ಫೋಟೋ ತೆಗೆದು ಹಿಂದೆ ಬನ್ನಿ. ಆಗುಂಬೆ ಘಾಟಿಯ ಇಕ್ಕೆಲದ ಕಾಡು ಸೋಮೇಶ್ವರ ಅಭಯಾರಣ್ಯಕ್ಕೆ ಸೇರಿದ್ದು. ರಸ್ತೆ ಬದಿಯದಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೀಳುವಂತಿಲ್ಲ.

ಕಿತ್ತ ಜಾಗದಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪೆನ್ಸಿಲ್‌ನಲ್ಲಿ. ಜೆಲ್ ಪೆನ್ನಿನ ಶಾಯಿ ಒಂದೇ ಹನಿಗೆ ಹರಡುತ್ತದೆ. ಸಂಖ್ಯೆ, ದಿನಾಂಕ, ಸ್ಥಳ, ಪಾದೆಯೋ ಗದ್ದೆಬದುವೋ ಎಂಬ ವಿವರ, ಗಿಡದ ಎತ್ತರ, ಮತ್ತು ಹೂವಿನ ಬಣ್ಣ. ಒಣಗಿದ ಮೇಲೆ ಬಣ್ಣ ಹೇಳಲು ಬೇರೆ ಸಾಕ್ಷಿಯೇ ಇರುವುದಿಲ್ಲ. ತುಳು ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ.

ಗುರುತಿಸಲು ನಮ್ಮ ಕಡೆಯವರಿಗೊಂದು ಅನುಕೂಲವಿದೆ: ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ (2003). ದಕ್ಷಿಣ ಕನ್ನಡ, ಉಡುಪಿಯ ಕರಾವಳಿ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ 1915–1936ರ ನಡುವೆ ಬಂದ ಗ್ಯಾಂಬಲ್‌ನ ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟಗಳಲ್ಲೂ ಇಲ್ಲಿನ ಗಿಡಗಳಿವೆ. ಆದರೆ ಅಲ್ಲಿನ ಹೆಸರುಗಳು ಹಳೆಯವು. ತುಳುವಿನ ತಜಂಕ್ (ಚಗಟೆ) ಅಲ್ಲಿ ಕ್ಯಾಸಿಯಾ ಟೋರಾ, ಈಗ ಸೆನ್ನಾ ಟೋರಾ. ಲೇಬಲ್ ಬರೆಯುವ ಮುಂಚೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಪಟ್ಟಿಯಲ್ಲಿ ಈಗಿನ ಹೆಸರು ನೋಡಿಕೊಳ್ಳಿ.

ಹಾಳೆಯ ಅಳತೆ 42 × 28 ಸೆಂ.ಮೀ., ಲೇಬಲ್ ಕೆಳಗೆ ಬಲಮೂಲೆಗೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳುವಾಗಿ ಹಚ್ಚಿ, ದಪ್ಪ ಕಾಂಡವನ್ನು ದಾರದಿಂದ ಹೊಲಿಯಿರಿ. ಮೈದಾ ಅಂಟು ಹುಳುಗಳಿಗೆ ಊಟ. ಸೆಲ್ಲೋಟೇಪ್ ಕ್ರಮೇಣ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ.

ಹುಳು ಬಾರದಂತೆ ಮರ್ಕ್ಯೂರಿಕ್ ಕ್ಲೋರೈಡ್ ಹಚ್ಚುವುದು ಹಳೆಯ ಪದ್ಧತಿ. ಅದು ಕಡು ವಿಷ, ಆ ಹಾಳೆ ಮುಟ್ಟಿದವರಿಗೆ ಎಷ್ಟೋ ವರ್ಷದ ಮೇಲೂ ಅಪಾಯ. ದಯವಿಟ್ಟು ಮಾಡಬೇಡಿ. ಪೂರ್ತಿ ಒಣಗಿದ ಹಾಳೆಗಳನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಹುಳುಗಳೂ ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಮಾತ್ರ ಚೀಲ ಬಿಚ್ಚಬಾರದು. ನಮ್ಮ ಗಾಳಿಯ ತೇವವೆಲ್ಲ ತಣ್ಣನೆಯ ಎಲೆಗಳ ಮೇಲೆ ಹನಿಗಟ್ಟಿ, ಅಷ್ಟು ದಿನ ಒಣಗಿಸಿದ್ದು ನಿಮಿಷದಲ್ಲಿ ಒದ್ದೆಯಾಗುತ್ತದೆ. ಒಂದು ದಿನ ಹಾಗೇ ಹೊರಗಿಟ್ಟು, ಚೀಲದ ಹೊರಮೈ ಪೂರ್ತಿ ಆರಿದ ಮೇಲೆ ಬಿಚ್ಚಿ.