ಹಂಚಿನ ಮೇಲಿನ ವೃತ್ತ

ಇವತ್ತು ಬಳ್ಳಾರಿಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಲಾಸು. ಆಟೋಕ್ಯಾಡ್‌ನಲ್ಲಿ ಒಂದು ಕ್ಯೂಬ್, ಐಸೋಮೆಟ್ರಿಕ್, ಅಂದರೆ ಮೂರು ಮುಖವೂ ಒಟ್ಟಿಗೆ ಕಾಣುವ ಹಾಗೆ ಓರೆಯಾಗಿ. ಮೂರು ಮುಖಕ್ಕೂ ಒಂದೊಂದು ತೂತು ಬೇಕಿತ್ತು.

ಸರ್ಕಲ್ ಕಮಾಂಡ್ ಕೊಟ್ಟೆ. ಗುಂಡಗೇ ಬಂತು. ಆದರೆ ಮುಖಕ್ಕೆ ಅಂಟಲೇ ಇಲ್ಲ, ಗಾಳಿಯಲ್ಲಿ ನಿಂತ ಬಿಲ್ಲೆಯ ಹಾಗೆ.

ಪಕ್ಕದ ಸಿಸ್ಟಂನ ಅಕ್ಕ ನೋಡಿದರು. "ಎಲಿಪ್ಸ್ ತಗೋ ತಮ್ಮಾ, ಅದರಾಗ ಐಸೋಸರ್ಕಲ್ ಐತಿ. ಎಫ್5 ಒತ್ತಿ ಮುಖ ಬದಲಿಸು."

ಎಲಿಪ್ಸ್ ಅಂದರೆ ಚಪ್ಪಟೆಯಾದ ವೃತ್ತ; ಐಸೋಸರ್ಕಲ್ ಅದನ್ನು ಓರೆ ಮುಖಕ್ಕೆ ಹೊಂದಿಸುವ ಆಯ್ಕೆ. ಐಸೋಮೆಟ್ರಿಕ್ ಸ್ನ್ಯಾಪ್ ಅನ್ನೋ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ ಅದು ಕಾಣುತ್ತದೆ. ಹಾಕಿದೆ. ಕೂತುಬಿಟ್ಟಿತು! ಮೇಲಿನದು ಅಡ್ಡ ಮಲಗಿದೆ, ಎಡಬಲದವು ಓರೆಯಾಗಿ ನಿಂತಿವೆ. ಮೂರೂ ಒಂದೇ ಆಕಾರ, ಉದ್ದ ಅಗಲದ 1.732 ಪಟ್ಟು. ಗುಂಡಗಿಲ್ಲದ್ದೇ ಗುಂಡಗೆ ಕಂಡಿತು. ತುಂಬಾ ಖುಷಿಯಾಯಿತು.

ರಾತ್ರಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಹತ್ತಿರ ಕೂತಿದ್ದೆ. ಅಲ್ಲಿಂದ ಹಂಚು ಮೊಟ್ಟೆಯಾಕಾರ. ಅದರ ಮೇಲಿನ ರೊಟ್ಟಿಯೂ ಹಾಗೇ. ಚಿಕ್ಕಂದಿನಿಂದ ನೋಡಿದ್ದು ಇದನ್ನೇ ಅಲ್ವಾ? ಒಂದು ದಿನವೂ ಉದ್ದ ಅನ್ನಿಸಿರಲಿಲ್ಲ. ಕಣ್ಣಿಗೆ ಬಿದ್ದದ್ದು ಒಂದು, ಮನಸ್ಸು ಸುಮ್ನೆ ಗುಂಡಗೆ ಅಂದುಕೊಂಡಿದೆ.

ಅವ್ವ ನೀರು ಸವರಿ ರೊಟ್ಟಿ ತಿರುವಿದಳು. ನಾನಿನ್ನೂ ಅದರ ಅಂಚನ್ನೇ ನೋಡುತ್ತಿದ್ದೆ.